ಒಲೆಯೊಳಗಿನ ಹರಳು: ಗಡಿನಾಡಿನ ಒಂದು ರೇಡಿಯೋ ವೃತ್ತಾಂತ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯವಾದಾಗ ಹಳೆಯ ಬಳ್ಳಾರಿ ಜಿಲ್ಲೆ ಹರಿದು ಹಂಚಿಹೋಯಿತು. ಬಳ್ಳಾರಿ ತಾಲ್ಲೂಕು ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ರಾಯದುರ್ಗವನ್ನು ಅನಂತಪುರ ಜಿಲ್ಲೆಗೆ ಸೇರಿಸಲಾಯಿತು. ಮಡಕಶಿರ ಮೊದಲಿನಿಂದಲೂ ಆ ಜಿಲ್ಲೆಯಲ್ಲಿಯೇ ಇತ್ತು. ಗೆರೆ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ರೇಡಿಯೋ ಒಂದೆಂಬುದು ನನ್ನ ವಯಸ್ಸಿನವರೆಲ್ಲರ ಅನುಭವ.

ಕನ್ನಡದ ರೇಡಿಯೋ ಆರಂಭವಾದುದು 1935ರಲ್ಲಿ, ಮೈಸೂರಿನ ಒಂದು ಮನೆಯಲ್ಲಿ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಕೇವಲ 30 ವ್ಯಾಟ್ ಶಕ್ತಿಯ ಪ್ರೇಷಕವನ್ನಿಟ್ಟುಕೊಂಡು 'ಆಕಾಶವಾಣಿ'ಯನ್ನು ಪ್ರಾರಂಭಿಸಿದರು. ಮುಂದೆ ಆ ಹೆಸರೇ ಇಡೀ ದೇಶದ ಬಾನುಲಿಯ ಹೆಸರಾಯಿತು. 1950ರಲ್ಲಿ ಧಾರವಾಡ ಕೇಂದ್ರವೂ 1955ರಲ್ಲಿ ಬೆಂಗಳೂರು ಕೇಂದ್ರವೂ ಕಾರ್ಯಾರಂಭ ಮಾಡಿದವು. ನಾನು ಬಾಲಕನಾಗಿದ್ದಾಗ ನಮ್ಮ ಓಣಿಗೆಲ್ಲ ಒಂದೇ ರೇಡಿಯೋ. ಅದರ ಗಾಜಿನ ಪಟ್ಟಿಯ ಮೇಲೆ ಹಿರಿಯರು ಪೆನ್ಸಿಲಿನಿಂದ ಒಂದು ಗುರುತು ಹಾಕಿದ್ದರು. ಮುಳ್ಳನ್ನು ಅಲ್ಲಿಗೆ ತಂದರೆ ಬೆಂಗಳೂರು. ಬೇಸಿಗೆಯಾಗಲಿ, ಮಾಗಿಯಾಗಲಿ, ಕನ್ನಡ ಅದೇ ಗುರುತಿನಲ್ಲಿ ಸಿಗುತ್ತಿತ್ತು. ಏಕೆ ಎಂದು ಆಗ ಯಾರೂ ಕೇಳಲಿಲ್ಲ.

ಉತ್ತರ ಬೆಣಚುಕಲ್ಲಿನಲ್ಲಿದೆ. ನಮ್ಮ ಹೊಲಗಳಲ್ಲಿ ನೇಗಿಲಿಗೆ ಸಿಗುವ ಬಿಳಿಯ ಬೆಣಚುಕಲ್ಲಿನ ಜಾತಿಯ, ಆದರೆ ದೋಷರಹಿತವಾದ ಸ್ಫಟಿಕವೇ ಕ್ವಾರ್ಟ್ಸ್ ಹರಳು. ಅದನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದರು. ವಿದ್ಯುತ್ತು ಹಾಯಿಸಿದರೆ ಅದೇ ಹರಳು ಕಂಪಿಸುತ್ತದೆ; ಎಷ್ಟು ಕಂಪಿಸಬೇಕೆಂಬುದನ್ನು ಅದನ್ನು ಕತ್ತರಿಸಿದ ಅಳತೆಯೇ ನಿರ್ಧರಿಸುತ್ತದೆ. ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ 6,12,000 ಕಂಪನಗಳು. ಅಂತರರಾಷ್ಟ್ರೀಯ ನಿಯಮದಂತೆ ಇದರಲ್ಲಿ ಹತ್ತು ಕಂಪನಗಳಿಗಿಂತ ಹೆಚ್ಚು ವ್ಯತ್ಯಾಸವಾಗಕೂಡದು.

ಆದರೆ ಹವೆಯ ಬಿಸಿ ಏರಿಳಿದಂತೆ ಹರಳಿನ ಕಂಪನವೂ ಸ್ವಲ್ಪ ಏರಿಳಿಯುತ್ತದೆ. ಆದುದರಿಂದ ನಿಖರತೆ ಬೇಕಾದ ಕಡೆ ಹರಳನ್ನು ಚಿಕ್ಕ ಡಬ್ಬಿಯೊಂದರಲ್ಲಿಟ್ಟು, ಸುತ್ತಲೂ ತಂತಿಯ ಶಾಖವಿತ್ತು, ಸಾಮಾನ್ಯವಾಗಿ 70ರಿಂದ 85 ಡಿಗ್ರಿಯೊಳಗಿನ ಒಂದೇ ಬಿಸಿಯಲ್ಲಿ ಕಾಯುತ್ತಾರೆ. ಈ ಒಲೆಗೆ ಬಿಸಿ ಮಾಡಲು ಬರುತ್ತದೆಯೇ ಹೊರತು ತಂಪು ಮಾಡಲು ಬಾರದು. ಆದಕಾರಣ ಹೊರಗಿನ ಕಡುಬೇಸಿಗೆಗಿಂತಲೂ ಒಳಗಿನ ಬಿಸಿ ಹೆಚ್ಚಿಗೆ ಇರಲೇಬೇಕು.

ಇದನ್ನು ನನಗೆ ಕಣ್ಣಾರೆ ತೋರಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ಅಂಗಡಿಯಲ್ಲಿ ಅಂಥದೊಂದು ಡಬ್ಬಿಯನ್ನು ಕೊಂಡು, ಹಬ್ಬಕ್ಕೆ ಊರಿಗೆ ಬಂದಾಗ ನನ್ನ ಮೇಜಿನ ಮೇಲೆ ಇಟ್ಟ. ಬೆಳಿಗ್ಗೆ ಒಂದು ಲೆಕ್ಕ, ಮಧ್ಯಾಹ್ನ ಇನ್ನೊಂದು ಲೆಕ್ಕ ತೋರಿಸುತ್ತಿತ್ತು. "ಹರಳು ಹಳತಾಗಿದೆ, ಬಿಸಾಡಪ್ಪ" ಎಂದೆ. "ಇಲ್ಲ ಸಾರ್, ಹರಳನ್ನು ಕೊನೆಗೆ ಸಂಶಯಿಸಬೇಕು" ಎಂದ.

ಅವನ ಕ್ರಮ ಹೀಗಿತ್ತು. ಮೊದಲು ಒಳಬರುವ ವಿದ್ಯುತ್ತು ಸರಿಯಾಗಿದೆಯೇ ಎಂದು ಅಳೆದ, ಸರಿಯಾಗಿತ್ತು. ಅನಂತರ ಒಲೆ ಎಳೆಯುವ ಕರೆಂಟನ್ನು ನೋಡಿದ. ಆರೋಗ್ಯವಾದ ಒಲೆ ತಣ್ಣಗಿರುವಾಗ ಹೆಚ್ಚು ಎಳೆದು, ಬಿಸಿಯಾದ ಮೇಲೆ ಇಳಿದು ನಿಲ್ಲಬೇಕು. ಇಳಿಯದಿದ್ದರೆ ಬಿಸಿಯನ್ನು ಹಿಡಿತದಲ್ಲಿಡುವ ಭಾಗದ ದೋಷ. ಏರದೇ ಇದ್ದರೆ ಒಲೆಯ ದೋಷ. ಇಲ್ಲಿ ಏರಲೇ ಇಲ್ಲ, ಡಬ್ಬಿ ತಣ್ಣಗಿತ್ತು. ಬಿಚ್ಚಿ ನೋಡಿದರೆ, ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ಶಾಖದ ತಂತಿಯ ಬೆಸುಗೆ ಬಿರುಕು ಬಿಟ್ಟಿತ್ತು. ಹರಳು ಮಾತ್ರ ತನ್ನ ಕೆಲಸವನ್ನು ಮಾಡುತ್ತಲೇ ಇತ್ತು. ಹೊಸ ಬೆಸುಗೆ ಹಾಕಿ, ಸುತ್ತಿದ್ದ ಉಷ್ಣನಿರೋಧಕವನ್ನು ಮೊದಲಿನಂತೆ ಹೊದಿಸಿ, ನಾಲ್ಕು ದಿನ ಆರಿಸದೆ ಬಿಟ್ಟ. ಐದನೆಯ ದಿನ ಉಪಗ್ರಹದ ಗಡಿಯಾರದೊಡನೆ ಹೋಲಿಸಿದಾಗ ಬೆಳಗಿನ ಲೆಕ್ಕವೇ ಮಧ್ಯಾಹ್ನಕ್ಕೂ ಬಂದಿತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಇಳಿದಾಗ, "ಈಗಿನ ಮಕ್ಕಳಿಗೆ ಕನ್ನಡ ಬೇಡವಾಗಿದೆ" ಎಂದು ಸಭೆಗಳಲ್ಲಿ ನಾನೇ ಹೇಳಿದ್ದುಂಟು. ಮುಖ್ಯೋಪಾಧ್ಯಾಯನಾಗಿ ನಾನು ಮೊದಲು ಸಂಶಯಿಸಿದ್ದು ಹರಳನ್ನೇ. ಪಠ್ಯಪುಸ್ತಕ ಸಕಾಲಕ್ಕೆ ಬಂದಿತೇ, ಕನ್ನಡ ಬಲ್ಲ ಶಿಕ್ಷಕರಿದ್ದಾರೆಯೇ, ಓದಿದ ಮೇಲೆ ಮುಂದೇನು ಎಂಬ ತಂದೆತಾಯಿಯರ ಪ್ರಶ್ನೆಗೆ ಉತ್ತರವಿದೆಯೇ, ಮನೆಯಲ್ಲಿ ಒಂದಾದರೂ ಕನ್ನಡ ಪುಸ್ತಕವಿದೆಯೇ ಎಂಬುದನ್ನು ಆ ಕ್ರಮದಲ್ಲಿ ನೋಡಬೇಕಾಗಿತ್ತು. ನೋಡಲಿಲ್ಲ. ಈ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ನನ್ನ ವಿದ್ಯಾರ್ಥಿ ಹೋಗುವಾಗ ಇನ್ನೊಂದು ಮಾತು ಹೇಳಿದ: ಇಂಥ ಒಲೆಯನ್ನು ಬೇಕೆಂದಾಗ ಹಚ್ಚಿ, ಬೇಡವೆಂದಾಗ ಆರಿಸಬಾರದು, ಬೆಸುಗೆ ಬಿಡುವುದೇ ಅದರಿಂದ. ವರ್ಷಕ್ಕೊಮ್ಮೆ ಸಮ್ಮೇಳನ ನಡೆಸುವ ನಾವೆಲ್ಲರೂ ಇದನ್ನು ಯೋಚಿಸಬೇಕು. ರಾಯದುರ್ಗ, ಮಡಕಶಿರಗಳ ಪ್ರತಿ ಕನ್ನಡ ಶಾಲೆಗೂ ಸಂಘದ ಒಬ್ಬ ಸದಸ್ಯರು ತಿಂಗಳಿಗೊಮ್ಮೆ ಹೋಗಿ, ಮಕ್ಕಳೊಡನೆ ಒಂದು ಗಂಟೆ ಕುಳಿತು ಓದಿಸಿ ಬರಲೆಂದು ನನ್ನ ವಿನಂತಿ. ಮೊದಲ ಹೆಸರಾಗಿ ನನ್ನದನ್ನು ಬರೆದುಕೊಳ್ಳಬಹುದು.