ಬಳ್ಳಾರಿ ಸೆರೆಮನೆ

ಬಳ್ಳಾರಿಯ ಕೇಂದ್ರ ಕಾರಾಗೃಹ ಮತ್ತು ಅದೇ ಊರಿನ ಅಲ್ಲೀಪುರ ಜೈಲು ಹಳೆಯ ಮದ್ರಾಸ್ ಪ್ರಾಂತ್ಯದ ಹೆಸರಾಂತ ಬಂದೀಖಾನೆಗಳು. ಕನ್ನಡ, ತೆಲುಗು, ತಮಿಳು, ಮಲಯಾಳ ಆಡುವ ಕೈದಿಗಳೆಲ್ಲ ಇಲ್ಲಿ ದಿನ ಕಳೆದಿದ್ದಾರೆ. ಮಲಬಾರಿನವರಿಗೂ ತಮಿಳುನಾಡಿನ ತೆಂಕಣದವರಿಗೂ ಬಳ್ಳಾರಿ ಬಹುದೂರ. ಮೇಲೆ ಇಲ್ಲಿಯ ಸುಡುಬಿಸಿಲು ಬೇರೆ. ಮನೆಯವರು ಮುಖ ನೋಡಿ ಹೋಗುವುದಕ್ಕೂ ಆಗದಂಥ ಆ ದೂರವೇ ಅರ್ಧ ಶಿಕ್ಷೆಯಾಗಿತ್ತು.

ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ತುರ್ಕಿಯವರ ಶಿಬಿರವೂ ಬಳ್ಳಾರಿಯಲ್ಲಿತ್ತು. 1917ರಲ್ಲಿ ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಪ್ರತಿನಿಧಿಗಳು ಬಂದು ಅದನ್ನು ನೋಡಿದ್ದರು.

ಬಳ್ಳಾರಿ ಸೆರೆಮನೆಯ ಚರಿತ್ರೆಯಲ್ಲಿ ಅತ್ಯಂತ ಘೋರವಾದದ್ದು ನಡೆದದ್ದು ಅದರ ಗೋಡೆಗಳ ಹೊರಗೆ. 1921ರ ನವೆಂಬರ್ 19ರಂದು ಮಲಬಾರಿನ ಮುಸ್ಲಿಮರು ಬ್ರಿಟಿಷರ ವಿರುದ್ಧ ಎದ್ದ ಮಾಪಿಳ್ಳೆ ದಂಗೆಯ ಸುಮಾರು ನೂರು ಕೈದಿಗಳನ್ನು ತಿರೂರಿನಲ್ಲಿ ಸರಕು ಸಾಗಿಸುವ ವ್ಯಾಗನ್ನಿಗೆ ತುಂಬಿ ಬಳ್ಳಾರಿಗೆಂದು ಕಳಿಸಿದರು. ಬಾಗಿಲು ಹೊರಗಿನಿಂದ ಭದ್ರವಾಗಿತ್ತು. ಗಾಳಿಕಿಂಡಿಯ ಜಾಲರಿಗೆ ಬಣ್ಣವೂ ದೂಳೂ ಮೆತ್ತಿಕೊಂಡು ಉಸಿರಿಗೆ ದಾರಿಯೇ ಇರಲಿಲ್ಲ. ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ ಬಾಗಿಲು ತೆರೆದಾಗ ಹೆಣಗಳು ಒಂದರ ಮೇಲೊಂದು ಬಿದ್ದಿದ್ದವು. ಸತ್ತವರು ಅರುವತ್ತಕ್ಕೂ ಹೆಚ್ಚು. ಅದನ್ನು ಅಪಘಾತವೆಂದು ಕರೆಯುವುದು ಅನ್ಯಾಯ.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಎರಡು ವರ್ಷದ ಶಿಕ್ಷೆಯಾಗಿ ಅಲ್ಲೀಪುರಕ್ಕೆ ಬಂದ ಕೆ. ಕಾಮರಾಜರು ಗಾಂಧಿ–ಇರ್ವಿನ್ ಒಪ್ಪಂದದ ನಂತರ 1931ರ ಮಾರ್ಚಿನಲ್ಲಿ ಬಿಡುಗಡೆಯಾದರು. ಹಿಂದಿ ಹೇರಿಕೆಯ ವಿರುದ್ಧ ಹೋರಾಡಿದ ಪೆರಿಯಾರ್, ಮನೆಮಾತು ಕನ್ನಡವಾಗಿದ್ದವರು, 1939ರಲ್ಲಿ ಬಳ್ಳಾರಿ ಜೈಲಿನಲ್ಲಿದ್ದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಜೈಲೂ ಜೊತೆಗೆ ಬಂತು.

ಇಂಥ ಸೆರೆಮನೆಯ ಕಥೆಗಳು ಕಲೆಗೂ ವಸ್ತುವಾಗಬಲ್ಲವು. ಜೈಲಿನೊಳಗಿನ ಬದುಕನ್ನು ಫ್ರೆಂಚ್ ಸಿನಿಮಾ ತುಂಬ ಹತ್ತಿರದಿಂದ ನೋಡಿದೆ. ಜಾಕ್ ಬೆಕರ್ 1960ರಲ್ಲಿ ತೆಗೆದ ‘ಲ ತ್ರೂ’ ಪ್ಯಾರಿಸ್ಸಿನ ಲಾ ಸಾಂತೆ ಜೈಲಿನಲ್ಲಿ 1947ರಲ್ಲಿ ನಡೆದ ಪಲಾಯನ ಯತ್ನದ ಕಥೆ. ಆ ಯತ್ನದಲ್ಲಿದ್ದ ಕೈದಿಯೊಬ್ಬರೇ ಅದರಲ್ಲಿ ನಟಿಸಿದ್ದಾರೆ. ನೆಲ ಒಡೆಯುವ ದೃಶ್ಯವನ್ನು ಕತ್ತರಿಸದೆ ನಿಮಿಷಗಟ್ಟಲೆ ತೋರಿಸುತ್ತಾರೆ, ಪ್ರತಿ ಪೆಟ್ಟೂ ಎದೆಗೆ ತಾಗುತ್ತದೆ. ಜೈಲಿನದೇ ಕಥೆಯಾದ ಜಾಕ್ ಓದಿಯಾರ್ ಅವರ ‘ಅನ್ ಪ್ರೊಫೆತ್’ 2009ರ ಕಾನ್ ಉತ್ಸವದಲ್ಲಿ ಗ್ರಾಂ ಪ್ರಿ ಪಡೆಯಿತು.

ಕನ್ನಡದಲ್ಲಿ ಆ ಕೆಲಸ ಮಾಡಿದ್ದು ರಂಗಭೂಮಿ. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಜೈಲುವಾಸಿಗಳಿಂದಲೇ ನಾಟಕ ಆಡಿಸಿದರು. ‘ಮ್ಯಾಕ್‌ಬೆತ್’ ಆಧರಿಸಿ ಎಚ್.ಎಸ್. ಶಿವಪ್ರಕಾಶರು ಬರೆದ ‘ಮಾರನಾಯಕನ ದೃಷ್ಟಾಂತ’ವನ್ನೂ ಆ ಕೈದಿಗಳು ಆಡಿದರು. ವಕೀಲರೂ ನಟರೂ ಆಗಿದ್ದ ಬಳ್ಳಾರಿ ರಾಘವರ ಊರಿನವರು ಇನ್ನು ತಮ್ಮದೇ ಜೈಲಿನ ಕಥೆಯನ್ನು, ಆ ವ್ಯಾಗನ್ನಿನಿಂದಲೇ ಮೊದಲುಮಾಡಿ, ರಂಗಕ್ಕೂ ತೆರೆಗೂ ತರಬೇಕು.