ಆಕ್ರಮಣಶೀಲತೆ

ಮತ್ತೊಂದು ಜೀವಿಗೆ ನೋವು ಅಥವಾ ಹಾನಿ ಮಾಡುವ ಉದ್ದೇಶದ ವರ್ತನೆ. ಇಲ್ಲಿ ಮುಖ್ಯವಾದುದು ಪರಿಣಾಮವಲ್ಲ, ಉದ್ದೇಶ. ಹಲ್ಲು ಕೀಳುವ ವೈದ್ಯರು ನೋವು ಕೊಟ್ಟರೂ ಅದು ಆಕ್ರಮಣವಲ್ಲ. ಬೀಸಿದ ಕಲ್ಲು ಗುರಿ ತಪ್ಪಿದರೂ ಅದು ಆಕ್ರಮಣವೇ. ಬೈಗುಳ, ಚಾಡಿ, ಬಹಿಷ್ಕಾರಗಳೂ ಇದರಲ್ಲಿ ಸೇರುತ್ತವೆ.

ಪ್ರಾಣಿಗಳಲ್ಲಿ ಉದ್ದೇಶವನ್ನು ಊಹಿಸುವುದು ಕಷ್ಟ; ಅಲ್ಲಿ ಕಾಣುವುದು ವರ್ತನೆ ಮಾತ್ರ. ಜ್ಯೂರಿಕ್‌ನ ಶರೀರವಿಜ್ಞಾನಿ ವಾಲ್ಟರ್ ಹೆಸ್ ಬೆಕ್ಕಿನ ಮೆದುಳಿನ ಹೈಪೋಥಲಾಮಸ್‌ಗೆ ಸೂಕ್ಷ್ಮ ತಂತಿಯಿಂದ ವಿದ್ಯುತ್ ಹರಿಸಿದಾಗ ಅದು ಕೂದಲು ನಿಮಿರಿಸಿ, ಬುಸುಗುಟ್ಟಿ ಮೇಲೆರಗಿತು. ಅದೇ ಭಾಗದ ಇನ್ನೊಂದು ಬದಿಯನ್ನು ಪ್ರಚೋದಿಸಿದರೆ ಬೆಕ್ಕು ಸದ್ದಿಲ್ಲದೆ ಹೊಂಚಿ ಇಲಿಯ ಕತ್ತು ಕಚ್ಚುತ್ತದೆ ಎಂಬುದು ಮುಂದೆ ತಿಳಿಯಿತು. ಬೇಟೆಗೆ ಸಿಟ್ಟು ಬೇಕಿಲ್ಲ.

ಈ ವಿಷಯದ ಚರ್ಚೆಯಲ್ಲಿ ಧಾರವಾಡಕ್ಕೂ ಸ್ಥಾನವಿದೆ. ಅಲ್ಲಿನ ಕಾಡುಗಳಲ್ಲಿ ಮುಸಿಯಗಳನ್ನು ಗಮನಿಸುತ್ತಿದ್ದ ಜಪಾನಿನ ಯುಕಿಮಾರು ಸುಗಿಯಾಮಾ, 1962ರಲ್ಲಿ ಹೊರಗಿನ ಗಂಡುಗಳು ಒಂದು ಗುಂಪಿನ ಮೇಲೆ ಬಿದ್ದು ಹಳೆಯ ಒಡೆಯನನ್ನು ಓಡಿಸಿದ್ದನ್ನು ಕಂಡರು. ಕೊನೆಗೆ ಉಳಿದ ಒಂದೇ ಗಂಡು ಗುಂಪಿನ ಮರಿಗಳನ್ನು ಕಚ್ಚಿ ಕೊಂದಿತು. ಮರಿ ಕಳೆದುಕೊಂಡ ಹೆಣ್ಣುಗಳು ಬೇಗನೆ ಬೆದೆಗೆ ಬಂದವು. ಮುಸಿಯಗಳ ದಟ್ಟಣೆಯಿಂದಾದ ವಿಕೃತಿ ಇದೆಂದು ಕೆಲವರು ವಾದಿಸಿದರು. ಅಬು ಬೆಟ್ಟದ ಮುಸಿಯಗಳನ್ನು ಅಧ್ಯಯನ ಮಾಡಿದ ಸಾರಾ ಹರ್ಡಿ, ಇದು ಗಂಡಿನ ಸಂತಾನತಂತ್ರವೆಂದರು: ಮೊಲೆಯೂಡುವ ಹೆಣ್ಣು ಬೆದೆಗೆ ಬರುವುದಿಲ್ಲ, ಹೊಸ ಒಡೆಯನ ಅಧಿಕಾರವೋ ಅಲ್ಪಕಾಲದ್ದು. ಹರ್ಡಿಯವರ ವಿವರಣೆಗೇ ಇಂದು ಹೆಚ್ಚು ಮನ್ನಣೆ.

ಮನುಷ್ಯರ ಬಗ್ಗೆ ಇಂಥ ಒಂದೇ ಉತ್ತರ ನಿಂತಿಲ್ಲ. ಆಸೆಗೆ ಅಡ್ಡಿಯಾದಾಗ ಆಕ್ರಮಣ ಹುಟ್ಟುತ್ತದೆಂದು ಯೇಲ್ ವಿಶ್ವವಿದ್ಯಾಲಯದ ವಿದ್ವಾಂಸರು 1939ರಲ್ಲಿ ಹೇಳಿದರು. ಅದು ಒಳಗೇ ತುಂಬಿಕೊಳ್ಳುವ ಸಹಜಪ್ರವೃತ್ತಿ ಎಂದು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1963ರಲ್ಲಿ. ಹೊಡೆದರೆ ಮತ್ತೆ ಎದ್ದು ನಿಲ್ಲುವ ಗಾಳಿಬೊಂಬೆಯನ್ನು ದೊಡ್ಡವರು ಥಳಿಸುವುದನ್ನು ನೋಡಿದ ಮಕ್ಕಳು ತಾವೂ ಹಾಗೆಯೇ ಥಳಿಸಿದ ಮನೋವಿಜ್ಞಾನಿ ಬಂಡೂರಾ ಅವರ ಪ್ರಯೋಗ (1961), ನೋಡಿ ಕಲಿಯುವುದರ ಪಾಲನ್ನು ತೋರಿಸಿತು. ಬೊಂಬೆಗೆ ಕೊಟ್ಟ ಏಟನ್ನು ಮನುಷ್ಯರ ಹಿಂಸೆಗೆ ಸಮವೆನ್ನಬಹುದೇ ಎಂಬ ಆಕ್ಷೇಪ ಮಾತ್ರ ಉಳಿದೇ ಇದೆ.

ವೈದ್ಯಕೀಯದಲ್ಲಿ ಆಕ್ರಮಣಶೀಲತೆ ಕಾಯಿಲೆಯಲ್ಲ, ಲಕ್ಷಣ. ಇನ್ಸುಲಿನ್ ಚುಚ್ಚಿಕೊಂಡು ಊಟ ತಡಮಾಡಿದ ಮಧುಮೇಹಿ, ರಕ್ತದ ಸಕ್ಕರೆ ಕುಸಿದು, ಬೆವರುತ್ತಾ, ತೊದಲುತ್ತಾ, ಹಿಡಿಯಲು ಬಂದವರನ್ನು ಹೊಡೆದರೆ ಆ ರೋಗಿಗೆ ಬೇಕಾದದ್ದು ನಿದ್ದೆಯ ಇಂಜೆಕ್ಷನ್ ಅಲ್ಲ, ಗ್ಲೂಕೋಸ್. ಶಾಂತವಾಗಿದ್ದ ವೃದ್ಧರು ರಾತ್ರೋರಾತ್ರಿ ಕೈಮಾಡತೊಡಗಿದರೆ ಮೂತ್ರದ ಸೋಂಕಿನಿಂದ ಬಂದ ಸನ್ನಿಯೂ ಇರಬಹುದು. ತಲೆಪೆಟ್ಟು, ಮದ್ಯ, ಮರೆಗುಳಿತನ, ರೇಬೀಸ್ ಕೂಡ ಕಾರಣಗಳ ಸಾಲಿನಲ್ಲಿವೆ. ಮಾನಸಿಕ ಕಾಯಿಲೆ ಇರುವವರೆಲ್ಲ ಅಪಾಯಕಾರಿಗಳೆಂಬ ನಂಬಿಕೆಗಂತೂ ಆಧಾರವಿಲ್ಲ. ಅವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವವರಲ್ಲ.

ಕ್ಯಾನ್ಸರ್ ತಜ್ಞರು ಗಡ್ಡೆಯನ್ನೂ ಆಕ್ರಮಣಕಾರಿ ಎನ್ನುತ್ತಾರೆ. ಅಲ್ಲಿ ಉದ್ದೇಶದ ಪ್ರಶ್ನೆಯಿಲ್ಲ. ಅದು ಬೆಳೆಯುವ, ಹರಡುವ ವೇಗದ ಸೂಚನೆಯಷ್ಟೆ. ರೋಗಿಯ ಮನೆಯವರು ಇದನ್ನು ಗುಣವಾಗದ ಕಾಯಿಲೆ ಎಂದು ಕೇಳಿಸಿಕೊಳ್ಳುವುದುಂಟು. ದುಗ್ಧರಸ ವ್ಯವಸ್ಥೆಯ ಕ್ಯಾನ್ಸರುಗಳಾದ ಲಿಂಫೋಮಾಗಳಲ್ಲಿ ಹಲವು ಬಾರಿ ಸಂಗತಿ ತಿರುವುಮುರುವು: ವೇಗವಾಗಿ ವಿಭಜನೆಯಾಗುವ ಕೋಶಗಳು ಕೀಮೋಥೆರಪಿಗೆ ಸುಲಭವಾಗಿ ಸಿಕ್ಕಿಬೀಳುವುದರಿಂದ ಆಕ್ರಮಣಕಾರಿ ಬಗೆಯೇ ಪೂರ್ತಿ ಗುಣವಾಗಬಹುದು, ನಿಧಾನದ ಬಗೆ ವರ್ಷಗಟ್ಟಲೆ ಮರುಕಳಿಸುತ್ತಾ ಉಳಿಯಬಹುದು.