ಸೋಸುವ ಕಲ್ಲಿನಿಂದ ಬದುಕುವ ಕಲ್ಲಿಗೆ: ಮನೆಯ ಕಡಲತೊಟ್ಟಿಯ ಫಿಲ್ಟರ್ ಮೀಡಿಯಾ ಬೆಳೆದು ಬಂದ ದಾರಿ

ಮಳೆಗಾಲದಲ್ಲಿ ತ್ರಾಸಿಯ ಕಡಲು ದಡಕ್ಕೆ ನೊರೆ ತಂದು ಹಾಕುತ್ತದೆ. ಹೆದ್ದಾರಿ 66ರ ಬದಿಯಲ್ಲಿ ನಿಂತು ನೋಡಿದರೆ ತಡೆಗೋಡೆಯ ಕಲ್ಲುಗಳ ಸಂದಿಯಲ್ಲಿ ಕಂದು ನೊರೆ ಗುಡ್ಡೆಗುಡ್ಡೆಯಾಗಿ ನಡುಗುತ್ತಿರುತ್ತದೆ. ಮುಟ್ಟಿದರೆ ಅಂಟು. ಪಾಚಿ, ಪ್ಲವಕಗಳು ನೀರಿಗೆ ಬಿಟ್ಟ ಸಾವಯವ ಅಂಶವನ್ನು ಅಲೆಗಳು ಮೊಸರಿನಂತೆ ಕಡೆದು ಮೇಲೆತ್ತಿದ್ದು ಅದು. ಮನೆಯೊಳಗೆ ಉಪ್ಪುನೀರಿನ ಮೀನು ಸಾಕುವವರು ಸಾವಿರಾರು ರೂಪಾಯಿ ಕೊಟ್ಟು ತರುವ ಸ್ಕಿಮ್ಮರ್ ಮಾಡುವುದೂ ಇದೇ ಕೆಲಸವನ್ನು.

ಇಂದು ಅಕ್ವೇರಿಯಂ ಅಂಗಡಿಗೆ ಹೋದರೆ ಸ್ಪಾಂಜ್, ಸಿರಾಮಿಕ್ ರಿಂಗ್, ಬಯೋಬಾಲ್, ಕಾರ್ಬನ್, ಝಿಯೋಲೈಟ್, ಫಾಸ್ಫೇಟ್ ತೆಗೆಯುವ ಕೆಂಪು ಹರಳು, ಹೀಗೆ ಫಿಲ್ಟರಿನೊಳಗೆ ತುಂಬುವ ಮೀಡಿಯಾ ಎಲ್ಲವೂ ಒಂದೇ ಸಾಲಿನಲ್ಲಿರುತ್ತವೆ. ಯಾವುದು ಬೇಕು, ಯಾವುದು ಬೇಡ? ಇವು ಯಾವಾಗ, ಯಾವ ತೊಂದರೆಗೆ ಪರಿಹಾರವಾಗಿ ಬಂದವು ಎಂದು ತಿಳಿದರೆ ಆಯ್ಕೆ ಅರ್ಧ ಮುಗಿದಂತೆ.

ಸಸ್ಯದ ಮೇಲೆ ಭರವಸೆ ಇಟ್ಟ ಕಾಲ

1850ರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಮೀನು, ಬಸವನಹುಳು, ಜಲಸಸ್ಯ ಮೂರನ್ನೂ ಒಂದೇ ಪಾತ್ರೆಯಲ್ಲಿಟ್ಟು, ನೀರು ಬದಲಿಸದೆ ಬದುಕಿಸಬಹುದೆಂದು ತೋರಿಸಿದರು. 1853ರಲ್ಲಿ ಲಂಡನ್ ಮೃಗಾಲಯದ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ‘ದಿ ಅಕ್ವೇರಿಯಂ’ ಪುಸ್ತಕ ಬಂದು ಕಡಲತೊಟ್ಟಿ ಅಲ್ಲಿನ ಮನೆಮನೆಯ ಹವ್ಯಾಸವಾಯಿತು. ಆದರೆ ಸಸ್ಯ ಆಮ್ಲಜನಕ ಕೊಟ್ಟರೆ ಸಾಕು ಎಂಬ ನಂಬಿಕೆಯಲ್ಲಿ ಕಟ್ಟಿದ ತೊಟ್ಟಿಗಳು ಬಹುಬೇಗ ಕೊಳೆಯುತ್ತಿದ್ದವು.

ವಿಲಿಯಂ ಆಲ್ಫರ್ಡ್ ಲಾಯ್ಡ್ ಬೇರೆ ದಾರಿ ಹಿಡಿದರು. 1871ರಲ್ಲಿ ತೆರೆದ ಕ್ರಿಸ್ಟಲ್ ಪ್ಯಾಲೇಸ್ ಅಕ್ವೇರಿಯಂನಲ್ಲಿ ತೊಟ್ಟಿಗಳಿಗಿಂತ ಹೆಚ್ಚು ನೀರು ಹಿಡಿಯುವ ಕತ್ತಲ ಜಲಾಶಯವನ್ನು ಕೆಳಗೆ ಕಟ್ಟಿ, ನೀರನ್ನು ಬಿಡುವಿಲ್ಲದೆ ಸುತ್ತಿಸಿದರು. ನಿಂತ ನೀರು ಕೊಳೆಯುತ್ತದೆ, ಹರಿವ ನೀರು ಉಳಿಯುತ್ತದೆ ಎಂಬುದನ್ನು ನಮ್ಮ ಹಿರಿಯರೂ ಬಲ್ಲರು. ಯಾಕೆ ಹಾಗೆ ಎಂಬುದಕ್ಕೆ ಉತ್ತರ ಸುಮಾರು 1890ರಲ್ಲಿ ಸಿಕ್ಕಿತು. ಕೊಳೆತದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳನ್ನು ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದರು. ಇವುಗಳಿಗೆ ಬೇಕಾದದ್ದು ಆಮ್ಲಜನಕ, ಅಂಟಿಕೊಳ್ಳಲು ಒಂದು ಮೇಲ್ಮೈ.

ಹೊಯ್ಗೆ, ಜಲ್ಲಿ, ಚೆಂಡು

ಆ ಮೇಲ್ಮೈಯನ್ನು ಒದಗಿಸುವ ಮೊದಲ ಜನಪ್ರಿಯ ಸಾಧನ ಅಂಡರ್‌ಗ್ರಾವೆಲ್ ಫಿಲ್ಟರ್. 1950ರ ದಶಕದಿಂದ ತೊಟ್ಟಿಯ ತಳದ ಜಲ್ಲಿಯೇ ಫಿಲ್ಟರ್ ಆಯಿತು. ನೀರು ಅದರ ಮೂಲಕ ಇಳಿದು, ಕೆಳಗಿನ ತಟ್ಟೆಯಿಂದ ಗಾಳಿಗುಳ್ಳೆಗಳ ಜೊತೆ ಮೇಲೇರುತ್ತಿತ್ತು. ಕೆಲವು ವರ್ಷಗಳಲ್ಲಿ ಜಲ್ಲಿಯ ಸಂದಿಯಲ್ಲಿ ಕಸ ತುಂಬಿ ಹರಿವು ಕಟ್ಟುತ್ತಿದ್ದುದು ಇದರ ದೊಡ್ಡ ಕೊರತೆ.

1986ರಲ್ಲಿ ಜಾರ್ಜ್ ಸ್ಮಿಟ್ ಅಮೆರಿಕದ ಹವ್ಯಾಸಿಗಳಿಗೆ ಡ್ರೈ-ವೆಟ್ ಫಿಲ್ಟರನ್ನು ಪರಿಚಯಿಸಿದರು. ಪ್ಲಾಸ್ಟಿಕ್ ಬಯೋಬಾಲ್‌ಗಳ ಮೇಲೆ ನೀರು ತೊಟ್ಟಿಕ್ಕುತ್ತದೆ, ಗಾಳಿ ಧಾರಾಳ, ಅಮೋನಿಯಾ ಬೇಗ ಮಾಯ. ಆದರೆ ಕೊನೆಯ ಉತ್ಪನ್ನವಾದ ನೈಟ್ರೇಟ್ ತೊಟ್ಟಿಯಲ್ಲೇ ಉಳಿದು ಬೆಳೆಯುತ್ತ ಹೋಯಿತು. ಮೀನು ಅದನ್ನು ಸಹಿಸಿತು, ಹವಳ ಸಹಿಸಲಿಲ್ಲ.

ಕಲ್ಲಿಗೆ ಜೀವ ಬಂದದ್ದು

ಪರಿಹಾರ ಅದಕ್ಕೂ ಮೊದಲೇ ಏಷ್ಯಾದಲ್ಲಿ ಹುಟ್ಟಿತ್ತು. ಜಕಾರ್ತದ ಲೀ ಚಿನ್ ಎಂಗ್ 1961ರಲ್ಲಿ ತಮ್ಮ ವಿಧಾನವನ್ನು ಬರೆದು ಪ್ರಕಟಿಸಿದರು: ಕಡಲಿನಿಂದ ತಂದ ಜೀವಂತ ಕಲ್ಲು, ನೈಸರ್ಗಿಕ ಕಡಲನೀರು, ಸಣ್ಣದಾಗಿ ಏಳುವ ಗಾಳಿಗುಳ್ಳೆ. ಇಷ್ಟೇ. ರಂಧ್ರಗಳಿಂದ ತುಂಬಿದ ಆ ಕಲ್ಲಿನ ಹೊರಮೈಯಲ್ಲಿ ಆಮ್ಲಜನಕ ಬಳಸುವ ಬ್ಯಾಕ್ಟೀರಿಯಾ, ಆಮ್ಲಜನಕ ತಲುಪದ ಒಳಭಾಗದಲ್ಲಿ ನೈಟ್ರೇಟನ್ನು ಸಾರಜನಕ ಅನಿಲವಾಗಿಸುವ ಬ್ಯಾಕ್ಟೀರಿಯಾ. ಒಂದೇ ಕಲ್ಲಿನಲ್ಲಿ ಎರಡು ಕೆಲಸ.

1970ರ ದಶಕದಲ್ಲಿ ಬರ್ಲಿನ್ ಹವ್ಯಾಸಿಗಳು ಜೀವಂತ ಕಲ್ಲಿಗೆ ಬಲವಾದ ಸ್ಕಿಮ್ಮರ್ ಜೋಡಿಸಿದರು. ಇದೇ ಬರ್ಲಿನ್ ಪದ್ಧತಿ. ಉಪ್ಪುನೀರಿನಲ್ಲಿ ಗುಳ್ಳೆಗಳು ಸಣ್ಣದಾಗಿ ಉಳಿಯುತ್ತವೆ, ಸಿಹಿನೀರಿನಲ್ಲಿ ಬೇಗ ಒಂದಾಗಿ ಒಡೆಯುತ್ತವೆ. ಹಾಗಾಗಿ ಸ್ಕಿಮ್ಮರ್ ಕಡಲತೊಟ್ಟಿಗೆ ಒಲಿದ ಸಾಧನ. ಫಿಲ್ಟರಿನಲ್ಲಿ ಕೊಳೆಯಬೇಕಿದ್ದ ಕಸವನ್ನು ಅದು ಕೊಳೆಯುವ ಮೊದಲೇ ಹೊರಗೆ ಹಾಕುತ್ತದೆ. 1980ರ ದಶಕದ ಕೊನೆಯಲ್ಲಿ ಮೊನಾಕೊದ ಜಾನ್ ಜೋಬೆರ್ ಹೊಯ್ಗೆಯ ದಪ್ಪ ಪದರದ ಕೆಳಗೆ ನೀರಿನ ತೆರಪು ಬಿಟ್ಟು ನೈಟ್ರೇಟ್ ಇಳಿಸಿದರು. ವಾಲ್ಟರ್ ಏಡಿ ಪಾಚಿಯ ಹಾಸಿನಿಂದಲೇ ನೀರು ಶುದ್ಧವಾಗಿಸುವ ಪದ್ಧತಿ ಬೆಳೆಸಿದರು.

2005ರಲ್ಲಿ ಇನ್ನೊಂದು ಬೆರಗು. ಸಿಯಾಟಲ್ ಅಕ್ವೇರಿಯಂನ ಉಷ್ಣವಲಯದ ಕಡಲತೊಟ್ಟಿಯ ಜಲ್ಲಿಯಿಂದ ವಿಜ್ಞಾನಿಗಳು ನೈಟ್ರೊಸೊಪ್ಯುಮಿಲಸ್ ಮಾರಿಟಿಮಸ್ ಎಂಬ ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದರು. ಅದು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ. ಕಡಲಿನ ಅಮೋನಿಯಾವನ್ನು ಬದಲಿಸುವ ಬಹುದೊಡ್ಡ ಪಡೆ ಈ ಗುಂಪಿನದೇ ಎಂದು ಮುಂದೆ ತಿಳಿಯಿತು. ನಾವು ಬರೀ ಜಲ್ಲಿ ಎಂದುಕೊಂಡಿದ್ದರಲ್ಲಿ ವಿಜ್ಞಾನಕ್ಕೇ ಗೊತ್ತಿಲ್ಲದ ಜೀವ ಮನೆಮಾಡಿತ್ತು.

ರಸಾಯನದ ಸರದಿ

ಕಾರ್ಬನ್ ನೀರಿನ ಹಳದಿ ಬಣ್ಣ, ವಾಸನೆ ತೆಗೆಯುತ್ತದೆ. ಒಳ್ಳೆಯ ಕಾರ್ಬನ್ ಬರುವುದು ನಮ್ಮ ಕರಾವಳಿಯ ತೆಂಗಿನ ಗೆರಟೆಯಿಂದಲೂ ಹೌದು. ಆದರೆ ಒಲೆಯ ಗೆರಟೆ ಇದ್ದಿಲು ಸಾಲದು. ಅತಿ ಹೆಚ್ಚು ಶಾಖದಲ್ಲಿ ಹಬೆ ಹಾಯಿಸಿ ಸೂಕ್ಷ್ಮ ರಂಧ್ರ ತೆರೆಸಿದಾಗಲೇ ಅದು ಸಕ್ರಿಯ ಇಂಗಾಲ. ತಿಂಗಳೊಳಗೆ ಆ ರಂಧ್ರಗಳು ತುಂಬುತ್ತವೆ, ಬದಲಿಸಬೇಕು.

ಫಾಸ್ಫೇಟ್ ಹಿಡಿಯುವ ಕೆಂಪು ಹರಳು ಕಬ್ಬಿಣದ ಆಕ್ಸೈಡ್. 1990ರ ದಶಕದಲ್ಲಿ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕುಡಿಯುವ ನೀರಿನ ಆರ್ಸೆನಿಕ್ ತೆಗೆಯಲು ಇದನ್ನು ರೂಪಿಸಿದರು. ಇದರ ಗುಣ ನಮಗೆ ಹೊಸದಲ್ಲ. ನಮ್ಮ ಮುರಕಲ್ಲಿನ ಮಣ್ಣು ಹಾಕಿದ ರಂಜಕದ ಗೊಬ್ಬರವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದು ಅದರಲ್ಲಿರುವ ಇದೇ ಕಬ್ಬಿಣದ, ಜೊತೆಗೆ ಅಲ್ಯೂಮಿನಿಯಂನ ಆಕ್ಸೈಡ್‌ಗಳಿಂದ. ಹಾಗೆಂದು ಮುರಕಲ್ಲಿನ ತುಂಡನ್ನು ತೊಟ್ಟಿಗೆ ಹಾಕಬಾರದು. ಅದು ಪುಡಿಯಾಗಿ ನೀರು ಕೆಂಪಾಗಿಸುತ್ತದೆ.

ಸಿಹಿನೀರಿನಲ್ಲಿ ಅಮೋನಿಯಾ ಹಿಡಿಯುವ ಝಿಯೋಲೈಟ್ ಉಪ್ಪುನೀರಿನಲ್ಲಿ ಆ ಕೆಲಸಕ್ಕೆ ಬಾರದು. ಸೋಡಿಯಂ ಅದರ ಜಾಗವನ್ನೆಲ್ಲ ಮೊದಲೇ ತುಂಬಿಬಿಡುತ್ತದೆ. ಚಿಪ್ಪು ಹಾಕಿದರೆ ಪಿಹೆಚ್ 8.2ರಲ್ಲಿ ನಿಲ್ಲುತ್ತದೆ ಎಂಬ ಮಾತೂ ಅರ್ಧಸತ್ಯ. ಪಿಹೆಚ್ ಸಾಕಷ್ಟು ಇಳಿಯುವವರೆಗೆ ಚಿಪ್ಪು ಕರಗುವುದೇ ಇಲ್ಲ.

ತ್ರಾಸಿಯ ಮನೆಗೆ ಯಾವುದು?

ಈ ಪದ್ಧತಿಗಳಲ್ಲಿ ಹೆಚ್ಚಿನವು ತಂಪು ದೇಶದಲ್ಲಿ ರೂಪುಗೊಂಡವು. ನಮ್ಮಲ್ಲಿ ಲೆಕ್ಕ ಬೇರೆ. 30 ಡಿಗ್ರಿಯ ಕಡಲನೀರಿನಲ್ಲಿ ಕರಗುವ ಆಮ್ಲಜನಕ ಲೀಟರಿಗೆ ಸುಮಾರು 6 ಮಿಲಿಗ್ರಾಂ. ಅದೇ ಶಾಖದ ಸಿಹಿನೀರಿಗಿಂತ ಹೆಚ್ಚುಕಡಿಮೆ ಐದನೇ ಒಂದು ಪಾಲು ಕಡಿಮೆ. ಪಿಹೆಚ್ ಮತ್ತು ಶಾಖ ಎರಡೂ ಹೆಚ್ಚಿದ್ದಾಗ ಅಮೋನಿಯಾದ ವಿಷವೂ ಹೆಚ್ಚು. ಮಳೆಗಾಲದ ಗಾಳಿಗೆ ಮರ ಬಿದ್ದು ಗಂಟೆಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಅಪಾಯಕಾರಿ. ಒಳಗಿನ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತದೆ, ಕರೆಂಟು ಬಂದ ಕೂಡಲೇ ಆ ಕೊಳೆತ ನೀರು ಮೀನಿನ ಮೇಲೆ ಬೀಳುತ್ತದೆ. ತೊಟ್ಟಿಗೆ ಜೋಡಿಸಿದ ತೆರೆದ ಸಂಪ್‌ನಲ್ಲಿಟ್ಟ ಮೀಡಿಯಾ, ಬ್ಯಾಟರಿಯ ಏರ್ ಪಂಪ್ ಇಲ್ಲಿಗೆ ಸರಿ.

ಕ್ರಮ ಹೀಗಿರಲಿ. ಮೊದಲು ಸ್ಪಾಂಜ್ ಅಥವಾ ಫಿಲ್ಟರ್ ವುಲ್, ಎರಡು ಮೂರು ದಿನಕ್ಕೊಮ್ಮೆ ತೊಳೆಯಬೇಕು. ಆಮೇಲೆ ಸ್ಕಿಮ್ಮರ್. ಬಳಿಕ ರಂಧ್ರಗಳುಳ್ಳ ಕೃತಕ ಕಲ್ಲು ಅಥವಾ ಸಿರಾಮಿಕ್. ಅದರಲ್ಲಿ ಜೀವ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ಅಲ್ಲಿಯವರೆಗೆ ಮೀನು ಬಿಡಬಾರದು. ಈ ಕಲ್ಲನ್ನು ಬಾವಿನೀರಿನಲ್ಲಿ ತೊಳೆಯಲೇಬೇಡಿ. ಬಾವಿನೀರಿನಲ್ಲಿ ಕ್ಲೋರಿನ್ ಇಲ್ಲದಿರಬಹುದು, ಆದರೆ ಉಪ್ಪಿಗೆ ಒಗ್ಗಿದ ಜೀವಕ್ಕೆ ಸಿಹಿನೀರೇ ಆಘಾತ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ತೆಗೆದರೆ ಸಾಕು. ಕಾರ್ಬನ್ ಬೇಕಾದಾಗ, ಕೆಂಪು ಹರಳು ಪರೀಕ್ಷೆಯಲ್ಲಿ ಫಾಸ್ಫೇಟ್ ಹೆಚ್ಚು ಕಂಡಾಗ ಮಾತ್ರ.

ಕಡಲು ಹತ್ತಿರವಿದೆಯೆಂದು ಮಳೆಗಾಲದಲ್ಲಿ ನೀರು ತರಬೇಡಿ. ಗಂಗೊಳ್ಳಿಯಲ್ಲಿ ಪಂಚಗಂಗಾವಳಿ ಕಡಲು ಸೇರುವಾಗ ದಡದ ನೀರಿನ ಉಪ್ಪು ಇಳಿದು, ಕೆಸರು ಏರಿರುತ್ತದೆ. ಬೇಸಿಗೆಯಲ್ಲಿ ತಂದರೂ ಬಟ್ಟೆಯಲ್ಲಿ ಸೋಸಿ, ಡ್ರಮ್ಮಿನಲ್ಲಿ ಕೆಲವು ದಿನ ತಿಳಿಯಾಗಲು ಬಿಟ್ಟು, ಉಪ್ಪಿನ ಪ್ರಮಾಣ ಅಳೆದು ಬಳಸಿ.

ಕೊನೆಯ ಮಾತು ಕಲ್ಲಿನ ಬಗ್ಗೆಯೇ. ಲೀ ಚಿನ್ ಎಂಗ್ ಕಡಲಿನಿಂದ ಕಲ್ಲು ತಂದ ಕಾಲ ಬೇರೆ. ನಮ್ಮ ಬಡಗಣ ನೆರೆಯ ನೇತ್ರಾಣಿಯ ಸುತ್ತ ಹವಳ ಇನ್ನೂ ಬದುಕಿದೆ. ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ದಡದ ಹೊಯ್ಗೆ ತೆಗೆಯುವುದಕ್ಕೂ ಕಾನೂನಿನ ತಡೆ ಇದೆ. ಕೃತಕ ಕಲ್ಲು ಕೆಲವು ವಾರ ತಡವಾಗಿ ಅದೇ ಕೆಲಸ ಮಾಡುತ್ತದೆ. ಮನೆಯ ತೊಟ್ಟಿಯ ಚೆಂದಕ್ಕಾಗಿ ಕಡಲಿನ ಒಂದು ಕಲ್ಲನ್ನೂ ಕೀಳಬೇಡಿ. ಆ ಕೆಲವು ವಾರ ಕಾಯಿರಿ.